ತೋಪಿಗೆ ಬಂದ 168 ಮಕ್ಕಳು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಈ ಶಾಲೆಯ 2005ನೇ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಂಘಟಕರು ನನಗೆ ಕೊಟ್ಟಿದ್ದ ವಿಷಯ ‘ಮಾಹಿತಿ ತಂತ್ರಜ್ಞಾನದಲ್ಲಿ ಗ್ರಾಮೀಣ ಮಕ್ಕಳಿಗೆ ಅವಕಾಶಗಳು’. ಅವರ ಅಪ್ಪಣೆ ಪಡೆದು ಅದನ್ನು ಬದಲಾಯಿಸಿಕೊಂಡಿದ್ದೇನೆ. ಹೋದ ವರ್ಷ ಕಾರ್ತಿಕ ಮಾಸದಲ್ಲಿ ನಾಲ್ಕು ಶನಿವಾರ ನಮ್ಮ ಗುಂಡುತೋಪಿಗೂ ಕೆರೆ ಏರಿಗೂ ಹಗ್ಗ, ಗೂಟ, ಟೇಪು ಹಿಡಿದುಕೊಂಡು ಕಾಲೇಜು ಮಕ್ಕಳು ಬಂದಿದ್ದು ನಿಮಗೆಲ್ಲ ನೆನಪಿರಬೇಕು. ಮೊದಲ ಶನಿವಾರ ಊರಲ್ಲಿ ಸುದ್ದಿಯೇ ಬೇರೆ ಆಗಿತ್ತು. “ಸರ್ವೆಯವರು ಬಂದವ್ರೆ, ರೋಡಿಗೆ ಜಮೀನು ಹೋಗ್ತದಂತೆ” ಎಂದು ನಮ್ಮ ದೊಡ್ಡಪ್ಪನೇ ಬೆಂಗಳೂರಿಗೆ ಫೋನು ಮಾಡಿ ನನ್ನನ್ನು ವಿಚಾರಿಸಿದರು. ಯಾರ ಜಮೀನೂ ಹೋಗಲಿಲ್ಲ. ಆ ಮಕ್ಕಳು ಏನು ಅಳೆದರು, ಏಕೆ ಅಳೆದರು, ಏನು ಕಂಡರು ಎಂಬುದನ್ನು ಊರಿಗೆ ಲೆಕ್ಕ ಒಪ್ಪಿಸಬೇಕಾಗಿದೆ. ಅದನ್ನು ಇಂದು ಮಾಡುತ್ತೇನೆ. ಕೊನೆಯಲ್ಲಿ ನಿಮ್ಮನ್ನು ನಾಲ್ಕು ವಿಷಯ ಕೇಳುವುದೂ ಇದೆ.

ಈ ಕೆಲಸದ ಮೂಲ ನನ್ನದಲ್ಲ. ನನ್ನ ಸಹಪಾಠಿಯೊಬ್ಬಳು ಇದೇ ಶಾಲೆಯಲ್ಲಿ ನನ್ನ ಜೊತೆ ಓದಿ, ಎಂ.ಎಸ್ಸಿ. ಮಾಡಿ, ನಮ್ಮ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. “ನನ್ನ ಹೆಸರು ಹೇಳ್ಬೇಡ ಕಣೋ, ಮಕ್ಕಳ ಕೆಲಸ ಹೇಳು” ಎಂದು ಆಣೆ ಮಾಡಿಸಿಕೊಂಡಿರುವುದರಿಂದ ಹೆಸರು ಹೇಳುತ್ತಿಲ್ಲ. ಅವಳು ಎರಡು ವರ್ಷದ ಹಿಂದೆ ನನಗೆ ಫೋನು ಮಾಡಿ ಹೇಳಿದ ತಾಪತ್ರಯ ಇದು: “ತರಗತೀಲಿ 168 ಮಕ್ಕಳಿದ್ದಾರೆ. ಪರಿಸರ ಪಾಠದಲ್ಲಿ ಕ್ಷೇತ್ರಕಾರ್ಯ ಅಂತ ಇದೆ. ನಾನೊಬ್ಬಳು, ಅಟೆಂಡರ್ ಒಬ್ಬರು. ಬಸ್ಸಿಲ್ಲ, ದುಡ್ಡಿಲ್ಲ. ನೀನು ಕಂಪ್ಯೂಟರ್‌ನೋನಲ್ವಾ, ಏನಾದ್ರೂ ದಾರಿ ಹೇಳು.”

ಇದು ಒಂದು ಕಾಲೇಜಿನ ತೊಂದರೆಯಲ್ಲ. 1991ರಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳಿಗೆ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದಿತು. ಮುಂದೆ ಯುಜಿಸಿಯವರು ಎಲ್ಲ ಪದವಿ ತರಗತಿಗಳಿಗೂ ಒಂದು ಪಠ್ಯ ರೂಪಿಸಿದರು. ಅದರಲ್ಲಿ ಒಟ್ಟು 50 ಉಪನ್ಯಾಸ, 8 ಘಟಕ ಇದ್ದವು. ಎಂಟನೆಯ ಘಟಕವೇ ಕ್ಷೇತ್ರಕಾರ್ಯವಾಗಿತ್ತು. ಹತ್ತಿರದ ನದಿ, ಕಾಡು, ಹುಲ್ಲುಗಾವಲು, ಗುಡ್ಡ ನೋಡಿ ಬರೆಯಬೇಕಿತ್ತು. ಸಾಮಾನ್ಯ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸಬೇಕಿತ್ತು. ಕೆರೆಯಂಥ ಸರಳ ಜೀವವ್ಯವಸ್ಥೆಯನ್ನು ಅಭ್ಯಾಸ ಮಾಡಬೇಕಿತ್ತು. ಇಷ್ಟಕ್ಕೂ ಸೇರಿ 5 ಉಪನ್ಯಾಸದಷ್ಟು ಸಮಯ ಇತ್ತು. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲ ಮಕ್ಕಳನ್ನೂ ಹೊರಗೆ ಕರೆದುಕೊಂಡು ಹೋಗುವುದು ಹೇಗೆ ಎಂಬುದನ್ನು ಅಲ್ಲಿರುವ ಮೇಷ್ಟರೇ ಯೋಚಿಸಿಕೊಳ್ಳಬೇಕು.

ಬಹಳ ಕಡೆ ಇದು ಎರಡು ರೀತಿಯಲ್ಲಿ ಮುಗಿಯುತ್ತದೆ. ಒಂದು, ಮಲೆನಾಡಿಗೆ ಪ್ರವಾಸ. ತಲೆಗೆ 600, 700 ರೂಪಾಯಿ. ಕೂಲಿ ಮಾಡುವವರ ಮಕ್ಕಳು ಹಿಂದೆ ಉಳಿಯುತ್ತಾರೆ. ರಾತ್ರಿ ತಂಗುವುದಿದ್ದರೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕಳಿಸುವುದಿಲ್ಲ. ಹೋದವರೂ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಇನ್ನೊಂದು ರೀತಿ, ಯಾರೂ ಎಲ್ಲಿಗೂ ಹೋಗುವುದಿಲ್ಲ. ಹಿಂದಿನ ವರ್ಷದ ರೆಕಾರ್ಡ್ ಪುಸ್ತಕ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಯಾರೂ ಕಾಣದ ಕೆರೆಯ ನೀರಿನ ಉಷ್ಣತೆಯನ್ನು 168 ಜನ ಒಂದೇ ಅಂಕಿಯಲ್ಲಿ ಬರೆಯುತ್ತಾರೆ. ಒಂದು ಗಿಡವನ್ನೂ ಎಣಿಸದೆ ಜೀವಶಾಸ್ತ್ರದ ಪದವಿ ಪಡೆದವರು ಮುಂದೆ ನಮ್ಮ ಹೈಸ್ಕೂಲುಗಳಿಗೇ ವಿಜ್ಞಾನದ ಮೇಷ್ಟರಾಗಿ ಬರುತ್ತಾರೆ. ಅವರ ಕೈಯಲ್ಲಿ ಕಲಿಯುವವರು ನಮ್ಮ ಮಕ್ಕಳು. ಆದ್ದರಿಂದ ಇದು ಕಾಲೇಜಿನವರ ವಿಷಯ ಎಂದು ನಾವು ಸುಮ್ಮನಿರುವಂತಿಲ್ಲ.

ವಿದ್ಯಾರ್ಥಿಗಳ ಜೊತೆ ಗಿಡ ಹುಡುಕಿಕೊಂಡು ಹೋಗುವುದು ಎಂಥ ಸಂತೋಷ ಎಂಬುದನ್ನು ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರಿಗಿಂತ ಚೆನ್ನಾಗಿ ಹೇಳಿದವರಿಲ್ಲ. ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಸಸ್ಯಸಂಗ್ರಹದ ಆ ಓಡಾಟಗಳಿಂದ ಹುಟ್ಟಿದ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಅದು ಇತ್ತು, ಈಗಲೂ ಇರಬಹುದು. ಮಕ್ಕಳು ಕೇಳಿ ತೆಗೆಸಿಕೊಂಡು ಓದಬೇಕು. ಆದರೆ ಸ್ವಾಮಿಯವರ ಹಾಗೆ ಕಾಡಿಗೆ ಹೋಗಲು ನಮ್ಮ ಮಕ್ಕಳ ಹತ್ತಿರ ದುಡ್ಡಿಲ್ಲ, 168 ಜನಕ್ಕೆ ಹಿಡಿಸುವ ಬಸ್ಸೂ ಇಲ್ಲ. ಹಾಗಾಗಿ ನನ್ನ ಗೆಳತಿ ಮೊದಲು ಮಾಡಿದ ತೀರ್ಮಾನ, ಕಾಡಿಗೆ ಹೋಗುವುದು ಬೇಡ, ನಡೆದು ಹೋಗುವ ದೂರದಲ್ಲಿ ಏನಿದೆಯೋ ಅದೇ ಸಾಕು ಎಂಬುದು. ಕಾಲೇಜಿನಿಂದ ನಮ್ಮೂರ ತೋಪು ಎರಡೂವರೆ ಕಿಲೋಮೀಟರ್. ಪಕ್ಕದಲ್ಲೇ ಕೆರೆ. ಬಸ್ ಪಾಸ್ ಇದ್ದವರು ಬಸ್ಸಿನಲ್ಲಿ ಬಂದರು, ಉಳಿದವರು ನಡೆದು ಬಂದರು. ಪ್ರಯಾಣದ ಖರ್ಚು ಸೊನ್ನೆ.

ಎರಡನೆಯದು, ಗುಂಪು ಮಾಡುವುದು. 168 ಜನರನ್ನು ಒಂದೇ ದಿನ ಬಿಟ್ಟರೆ ಅದು ಜಾತ್ರೆ. ಆದ್ದರಿಂದ 42 ಜನರ ನಾಲ್ಕು ತಂಡ, ನಾಲ್ಕು ಶನಿವಾರ. ಪ್ರತಿ ತಂಡದಲ್ಲಿ ಆರಾರು ಜನರ 7 ಗುಂಪು. ಆರು ಜನರಿಗೂ ಕೆಲಸ ಹಂಚಿತ್ತು: ಇಬ್ಬರು ಎಣಿಸುವವರು, ಒಬ್ಬರು ಬರೆಯುವವರು, ಒಬ್ಬರು ಹಗ್ಗ ಮತ್ತು ಟೇಪಿನವರು, ಒಬ್ಬರು ಫೋಟೊ ತೆಗೆಯುವವರು, ಒಬ್ಬರು ಸಮಯ ಮತ್ತು ಸುರಕ್ಷತೆ ನೋಡಿಕೊಳ್ಳುವವರು. ಚೌಕದಿಂದ ಚೌಕಕ್ಕೆ ಕೆಲಸ ಬದಲು. ಇಷ್ಟು ಮಾಡಿದರೆ ಮರದ ಕೆಳಗೆ ಕೂತು ಮೊಬೈಲು ನೋಡುವವರು ಉಳಿಯುವುದಿಲ್ಲ. ಪ್ರತಿ ಗುಂಪಿಗೂ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿ ಮುಂದಾಳು. ಈ ಏಳು ಮಂದಿಗೆ ಹಿಂದಿನ ವಾರವೇ ಅದೇ ತೋಪಿನಲ್ಲಿ ಅದೇ ಕೆಲಸ ಮಾಡಿಸಿ ಕಲಿಸಲಾಗಿತ್ತು. ನಾಲ್ಕು ಗುಂಪು ತೋಪಿನಲ್ಲಿ ಇದ್ದಾಗ ಮೂರು ಗುಂಪು ಕೆರೆಯಲ್ಲಿ, ಆಮೇಲೆ ಅದಲುಬದಲು. ಅಪಾಯ ಇರುವುದು ನೀರಿನ ಹತ್ತಿರ, ಹಾಗಾಗಿ ಉಪನ್ಯಾಸಕಿ ಯಾವಾಗಲೂ ಕೆರೆಯ ಕಡೆ. ತೋಪಿನ ಕಡೆ ಅಟೆಂಡರ್ ಮತ್ತು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು.

ಇನ್ನು ಸಲಕರಣೆ. ಗಿಡ ಎಣಿಸಲು ಒಂದು ಮೀಟರ್ ಉದ್ದಗಲದ ಚೌಕ ಬೇಕು. ಅಂಗಡಿಯಲ್ಲಿ ಕೊಂಡರೆ ದುಬಾರಿ. ನಮ್ಮದು ತೆಂಗಿನ ಸೀಮೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ನಾರಿನ ಘಟಕದಿಂದ 35 ಮೀಟರ್ ಹಗ್ಗ ಪುಕ್ಕಟೆ ಕೊಟ್ಟರು. ಗುಂಪಿಗೆ 5 ಮೀಟರ್. ಮೀಟರಿಗೆ ಒಂದು ಗಂಟು ಹಾಕಿ, ನಾಲ್ಕು ಗೂಟಕ್ಕೆ ಬಿಗಿದರೆ ಚೌಕ. ಅದು ನಿಜವಾಗಿ ಚೌಕವೇ, ವಾರೆಯಾಗಿದೆಯೇ ನೋಡಲು ಮೂಲೆಯಿಂದ ಮೂಲೆಗೆ ಅಳೆಯಬೇಕು. ಎರಡೂ ಕಡೆ 141 ಸೆಂಟಿಮೀಟರ್ ಬಂದರೆ ಸರಿ. ಎಂಟನೇ ತರಗತಿಯಲ್ಲಿ ಗೋಳಾಡಿಕೊಂಡು ಕಲಿತ ಪೈಥಾಗೊರಸ್ ಕೊನೆಗೂ ಕೆಲಸಕ್ಕೆ ಬಂದ ಎಂದು ಒಬ್ಬ ಹುಡುಗ ನಕ್ಕ. ಗೂಟಗಳು ಬಡಗಿಯವರ ಅಂಗಡಿಯ ಚೂರುಪಾರು. ನೀರಿನ ಹುಳು ಹಿಡಿಯಲು ಟೀ ಸೋಸುವ ಜರಡಿ, ನೋಡಲು ಬಿಳಿಯ ಪ್ಲಾಸ್ಟಿಕ್ ತಟ್ಟೆ. ಸಸ್ಯದ ಮಾದರಿ ಒಣಗಿಸಲು ಹಳೆಯ ದಿನಪತ್ರಿಕೆ, ಮೇಲೊಂದು ಕಲ್ಲು.

ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು ಒಂದು ಹಳೆಯ ಉಪಾಯವಿದೆ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ, ಖಗೋಳ ವಿಜ್ಞಾನಿ, ಸಮುದ್ರಕ್ಕೆ ಬಿಳಿಯ ಬಿಲ್ಲೆಯೊಂದನ್ನು ಇಳಿಬಿಟ್ಟು ಅದು ಎಷ್ಟು ಆಳದವರೆಗೆ ಕಾಣುತ್ತದೆ ಎಂದು ನೋಡಿದರು. ಈಗ ಕೆರೆಗಳಲ್ಲಿ 20 ಸೆಂಟಿಮೀಟರ್ ಅಗಲದ, ಕಪ್ಪು ಬಿಳುಪು ಕಾಲುಭಾಗಗಳಿರುವ ಬಿಲ್ಲೆ ಬಳಸುತ್ತಾರೆ. ನಮ್ಮವರು ಹಳೆಯ ಡಬ್ಬಿಯ ಮುಚ್ಚಳಕ್ಕೆ ಬಣ್ಣ ಬಳಿದು, ಕೆಳಗೆ ಕಲ್ಲು ಕಟ್ಟಿ, ತೂಬಿನ ಕಟ್ಟೆಯ ಮೇಲಿಂದ ಇಳಿಬಿಟ್ಟರು.

ಖರ್ಚಿನ ಪಟ್ಟಿಯನ್ನೂ ಓದಿಬಿಡುತ್ತೇನೆ, ಏಕೆಂದರೆ ಬೇರೆ ಶಾಲೆಯ ಮೇಷ್ಟರೂ ಇಲ್ಲಿದ್ದಾರೆ. 30 ಮೀಟರಿನ ಎರಡು ಟೇಪು 700 ರೂಪಾಯಿ. ನಾಲ್ಕು ಥರ್ಮಾಮೀಟರ್ 480. ಪಿಎಚ್ ಕಾಗದ 360. ಏಳು ಜರಡಿ 210. ಏಳು ತಟ್ಟೆ 420. ಬಿಲ್ಲೆಗೆ ಬಣ್ಣ 100. ಎರಡು ಸೀಟಿ 40. ಪ್ರಥಮ ಚಿಕಿತ್ಸೆ ಪೆಟ್ಟಿಗೆ 500, ಓಆರ್‌ಎಸ್ 150. ತಲಾ ನಾಲ್ಕು ಹಾಳೆಯಂತೆ 672 ಹಾಳೆ ಜೆರಾಕ್ಸ್, 672 ರೂಪಾಯಿ. ಒಟ್ಟು 3,632. ಒಬ್ಬ ವಿದ್ಯಾರ್ಥಿಗೆ 22 ರೂಪಾಯಿಗಿಂತ ಕಡಿಮೆ. ಅದರಲ್ಲೂ ಜೆರಾಕ್ಸ್, ಪಿಎಚ್ ಕಾಗದ, ಔಷಧಿ ಬಿಟ್ಟರೆ ಉಳಿದದ್ದು ಮುಂದಿನ ವರ್ಷಕ್ಕೂ ಬರುತ್ತದೆ. ರೈಟಿಂಗ್ ಪ್ಯಾಡು, ನೀರಿನ ಬಾಟಲಿ, ಬುತ್ತಿ ಅವರವರದೇ.

ಈಗ ಮುಖ್ಯ ಸಂಗತಿ. ದೊಡ್ಡ ತರಗತಿ ಎಂದರೆ ಎಲ್ಲರೂ ಹಣೆ ಚಚ್ಚಿಕೊಳ್ಳುತ್ತಾರೆ. ಎಣಿಸುವ ಕೆಲಸಕ್ಕೆ ಮಾತ್ರ ಅದೇ ಬಲ. 28 ಗುಂಪು, ಗುಂಪಿಗೆ 5 ಚೌಕ. ಒಟ್ಟು 140 ಚೌಕ. ನಮ್ಮ ತೋಪು 3 ಎಕರೆ, ಅಂದರೆ ಸುಮಾರು 12,140 ಚದರ ಮೀಟರ್. 140 ಚದರ ಮೀಟರ್ ಎಂದರೆ ಅದರ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅಷ್ಟನ್ನು ಒಬ್ಬನೇ ಮಂಡಿಯೂರಿ ಎಣಿಸಲು ಎಷ್ಟು ದಿನ ಬೇಕು ನೀವೇ ಯೋಚಿಸಿ. ಇವರು ನಾಲ್ಕು ಬೆಳಗಿನಲ್ಲಿ ಮುಗಿಸಿದರು.

“ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕಲ್ಲ, 140 ಯಾಕೆ?” ಎಂದು ನೀವು ಕೇಳಬಹುದು. ಒಂದು ಪಾತ್ರೆ, ಒಂದು ಅಕ್ಕಿ, ಒಂದೇ ಎಸರು. ಅದಕ್ಕೇ ಒಂದು ಅಗುಳು ಸಾಕು. ತೋಪು ಹಾಗಲ್ಲ. ಒಂದು ಕಡೆ ನೆರಳು, ಒಂದು ಕಡೆ ಬಿಸಿಲು, ಒಂದು ಕಡೆ ಕುರಿ ಮೇಯುತ್ತದೆ, ಒಂದು ಕಡೆ ಬೇಲಿ. ಮೊದಲ 5 ಚೌಕದಲ್ಲಿ ಸಿಕ್ಕಿದ್ದು 11 ಬಗೆಯ ಗಿಡ. 20 ಚೌಕಕ್ಕೆ 23 ಬಗೆ. 70 ಚೌಕಕ್ಕೆ 34. 140ಕ್ಕೆ 38. ಮೊದಮೊದಲು ಸಂಖ್ಯೆ ಸರಸರ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ನಿಧಾನವಾದಾಗ, ಇರುವುದರಲ್ಲಿ ಬಹುಪಾಲು ಕಂಡಿದ್ದೇವೆ ಎಂದು ಅರ್ಥ. ಮಕ್ಕಳು ಇದನ್ನು ಗ್ರಾಫಿನಲ್ಲಿ ತಾವೇ ಬರೆದರು. ಪುಸ್ತಕದ ಗೆರೆ ನಕಲು ಮಾಡುವುದಕ್ಕೂ ತನ್ನ ಮಂಡಿಗೆ ಮಣ್ಣು ಮೆತ್ತಿಸಿಕೊಂಡು ಗೆರೆ ಎಳೆಯುವುದಕ್ಕೂ ಬಹಳ ಅಂತರ ಇದೆ.

ಚೌಕ ಎಲ್ಲಿ ಹಾಕಬೇಕು ಎಂಬುದಕ್ಕೆ ಚೀಟಿ ಎತ್ತಿಸಿದರು. ‘ಗೇಟಿನಿಂದ ಮುಂದಕ್ಕೆ 46 ಹೆಜ್ಜೆ, ಬಲಕ್ಕೆ 19 ಹೆಜ್ಜೆ’ ಎಂದು ಚೀಟಿಯಲ್ಲಿರುತ್ತದೆ. ಅಲ್ಲಿ ಮುಳ್ಳಿದ್ದರೂ ಅಲ್ಲೇ. ಮಕ್ಕಳ ಇಷ್ಟಕ್ಕೆ ಬಿಟ್ಟರೆ ಹಸಿರು ಚೆನ್ನಾಗಿರುವ ಕಡೆ, ನೆರಳಿರುವ ಕಡೆ ಹಗ್ಗ ಹಾಸುತ್ತಾರೆ, ಲೆಕ್ಕ ಸುಳ್ಳಾಗುತ್ತದೆ. ಗಿಡ ಕೀಳುವುದು ಪೂರ್ತಿ ನಿಷೇಧ. ಒಂದು ಬಗೆಗೆ ಒಂದೇ ಮಾದರಿ, ಅದೂ ಉಪನ್ಯಾಸಕಿಯೇ ತೆಗೆದದ್ದು. ಇಲ್ಲದಿದ್ದರೆ 168 ಜನ ಒಂದೊಂದು ಕಿತ್ತರೂ ಪರಿಸರ ಪಾಠದಿಂದಲೇ ತೋಪು ಬೋಳಾಗುತ್ತದೆ.

ನನ್ನ ಪಾಲಿನ ಕೆಲಸ ಲೆಕ್ಕ ಒಗ್ಗೂಡಿಸುವುದು. ಆ್ಯಪ್ ಏನೂ ಮಾಡಲಿಲ್ಲ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಎಲ್ಲರ ಹತ್ತಿರ ಒಳ್ಳೆಯ ಫೋನು ಇರುವುದಿಲ್ಲ. ಪೆನ್ಸಿಲು ಮತ್ತು ಹಾಳೆಗೆ ಚಾರ್ಜು ಬೇಡ. ಸಂಜೆ ಕಾಲೇಜಿನ ಕಂಪ್ಯೂಟರಿನಲ್ಲಿ ಎಲ್ಲರ ಹಾಳೆಯನ್ನೂ ಒಂದೇ ಗೂಗಲ್ ಶೀಟಿಗೆ ತುಂಬಿದೆವು. ಅಲ್ಲಿ ಎರಡು ಎಚ್ಚರ ವಹಿಸಿದೆವು. ಒಂದು, ಪ್ರತಿ ಚೌಕಕ್ಕೂ ಒಂದು ಗುರುತು. 2-5-3 ಎಂದರೆ ಎರಡನೇ ತಂಡ, ಐದನೇ ಗುಂಪು, ಮೂರನೇ ಚೌಕ. ಯಾವ ಅಂಕಿಯ ಮೇಲೆ ಅನುಮಾನ ಬಂದರೂ ಮೂಲ ಹಾಳೆಗೆ ಹೋಗಿ ನೋಡಬಹುದು. ಎರಡು, ಗಿಡದ ಹೆಸರನ್ನು ಕೈಯಿಂದ ಬರೆಯುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ಇಲ್ಲದಿದ್ದರೆ ಒಬ್ಬ ‘ತುಂಬೆ’ ಎಂದೂ ಇನ್ನೊಬ್ಬ ‘ತುಂಬೆ ಗಿಡ’ ಎಂದೂ ಮತ್ತೊಬ್ಬ ‘ತುಂಬೆ ಹೂ’ ಎಂದೂ ಬರೆದರೆ ಕಂಪ್ಯೂಟರು ಮೂರು ಬಗೆ ಎಂದು ಎಣಿಸುತ್ತದೆ. ಅದಕ್ಕೆ ತುಂಬೆ ಗೊತ್ತಿಲ್ಲ.

ಆ ಪಟ್ಟಿ ಮಾಡಿಕೊಟ್ಟವರು ಯಾರು ಗೊತ್ತೆ? ತೋಪಿನಲ್ಲಿ ಕುರಿ ಮೇಯಿಸುವ ನಮ್ಮ ಅಜ್ಜ. ಹೆಸರು ಗೊತ್ತಿಲ್ಲದ ಗಿಡಗಳನ್ನು ಮಕ್ಕಳು ‘ಗಿಡ 1, ಗಿಡ 2’ ಎಂದು ಬರೆದುಕೊಳ್ಳುತ್ತಿದ್ದರು. ಅಜ್ಜ ಕೋಲೂರಿಕೊಂಡು ಬಗ್ಗಿ ನೋಡಿ, “ಇದೇನ್ ಮಗಾ, ಉತ್ತರಣೆ ಗೊತ್ತಿಲ್ವಾ? ಇದು ನೆಲನೆಲ್ಲಿ. ಇದು ಅಣ್ಣೆ ಸೊಪ್ಪು, ನಿಮ್ಮವ್ವನ ಕೇಳು, ಸಾರು ಮಾಡ್ತಾಳೆ” ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಉಪನ್ಯಾಸಕಿ ಪಕ್ಕದಲ್ಲಿ ಶಾಸ್ತ್ರೀಯ ಹೆಸರು ಬರೆದುಕೊಂಡಳು. ಅಂದು ತೋಪಿನಲ್ಲಿ ಪಾಠ ಮಾಡಿದವರು ಇಬ್ಬರು, ಒಬ್ಬರಿಗೆ ಮಾತ್ರ ಸಂಬಳ.

ಲೆಕ್ಕದ ಮೇಲೆ ನಂಬಿಕೆ ಬರಬೇಕಾದರೆ ಅದನ್ನು ಪರೀಕ್ಷಿಸಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಮುಂದೆ ಬಿಡುವುದಿಲ್ಲ. ಅದೇ ಪದ್ಧತಿಯನ್ನು ಇಲ್ಲಿ ತಂದೆವು. ಪ್ರತಿ ಗುಂಪಿನ ಐದನೇ ಚೌಕವನ್ನು ಪಕ್ಕದ ಗುಂಪು ಮತ್ತೆ ಎಣಿಸಬೇಕು, ಹಾಳೆ ತೋರಿಸುವಂತಿಲ್ಲ. ತುಂಬೆ, ಕಾಂಗ್ರೆಸ್ ಗಿಡ ಇವೆಲ್ಲ ಹೆಚ್ಚುಕಡಿಮೆ ತಾಳೆಯಾದವು. ಗರಿಕೆ ಮಾತ್ರ ಒಬ್ಬರಿಗೆ 14, ಇನ್ನೊಬ್ಬರಿಗೆ 53! ಜಗಳವೇ ಆಯಿತು. ಕೊನೆಗೆ ಕಾರಣ ಗೊತ್ತಾಯಿತು. ಗರಿಕೆ ನೆಲದಲ್ಲಿ ಹಬ್ಬುವ ಹುಲ್ಲು, ಒಂದು ಗಿಡ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಹೇಳುವ ಹಾಗಿಲ್ಲ. ಎರಡನೇ ಶನಿವಾರದಿಂದ ಹುಲ್ಲನ್ನು ಎಣಿಸುವುದು ಬಿಟ್ಟು, ಚೌಕವನ್ನು ನಾಲ್ಕು ಭಾಗ ಮಾಡಿ ಎಷ್ಟು ಭಾಗ ಮುಚ್ಚಿದೆ ಎಂದು ಬರೆದರು. ಆ ಜಗಳದಿಂದ ಮಕ್ಕಳು ಕಲಿತದ್ದು ಹತ್ತು ಉಪನ್ಯಾಸಕ್ಕೆ ಸಮ.

ಅಂಕ ಕೊಡುವ ಪದ್ಧತಿಯೂ ಬದಲಾಯಿತು. ನೀಟಾಗಿ ಬರೆದ ರೆಕಾರ್ಡಿಗಲ್ಲ, ಮಣ್ಣು ಮೆತ್ತಿದ ಮೂಲ ಹಾಳೆಗೇ ಅಂಕ. ಗುಂಪಿಗೊಂದು ಪುಟದ ವರದಿ. ಆಮೇಲೆ ಒಬ್ಬೊಬ್ಬರಿಗೂ ಎರಡು ಮೂರು ನಿಮಿಷ ಬಾಯಿಪ್ರಶ್ನೆ. ನಕಲಿಗೆ ದಾರಿಯೇ ಇಲ್ಲ, ತಿದ್ದುವ ಹೊರೆಯೂ 168 ಪುಸ್ತಕದಿಂದ 28 ಪುಟಕ್ಕೆ ಇಳಿಯಿತು. ಒಂದು ಶನಿವಾರ ಮಳೆ ಹಿಡಿದು ತೋಪಿಗೆ ಒಂದು ಗಂಟೆ ತಡವಾಯಿತು. ಆಗ ನಮ್ಮ ಶಾಲೆಯ ಕೊಠಡಿಯಲ್ಲೇ ಅವರೆಕಾಳಿನ ಆಟ ಆಡಿಸಿದರು. ಡಬ್ಬಿ ತುಂಬ ಕಾಳು. 60 ತೆಗೆದು ಶಾಯಿಯ ಗುರುತು ಹಾಕಿ ಬೆರೆಸಿದರು. ಮತ್ತೆ 50 ತೆಗೆದಾಗ ಅದರಲ್ಲಿ 6 ಗುರುತಿನವು. 60ನ್ನು 50ರಿಂದ ಗುಣಿಸಿ 6ರಿಂದ ಭಾಗಿಸಿದರೆ 500. ಆಮೇಲೆ ಪೂರ್ತಿ ಎಣಿಸಿದರೆ 483. ಕೆರೆಯ ಮೀನುಗಳ ಸಂಖ್ಯೆಯನ್ನು ಅಂದಾಜು ಮಾಡುವುದೂ ಇದೇ ಲೆಕ್ಕದಲ್ಲಿ. ನಮ್ಮ ಒಂಬತ್ತನೇ ತರಗತಿ ಮಕ್ಕಳು ಕಿಟಕಿಯಲ್ಲಿ ನೋಡಿಕೊಂಡು, ಸೋಮವಾರ ತಾವೂ ಹುರುಳಿಕಾಳಿನಲ್ಲಿ ಮಾಡಿದರಂತೆ.

ಇನ್ನು ಹೆಣ್ಣುಮಕ್ಕಳ ವಿಷಯ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ನಾಲ್ಕು ಗಂಟೆ ಹೊರಗಿರುವ ಕೆಲಸಕ್ಕೆ ಮೊದಲು ಬೇಕಾದದ್ದು ಹಗ್ಗವಲ್ಲ, ಶೌಚಾಲಯ. ಇದನ್ನು ಯಾವ ಪಠ್ಯವೂ ಬರೆಯುವುದಿಲ್ಲ. ಮುಖ್ಯೋಪಾಧ್ಯಾಯರು ಶಾಲೆಯ ಶೌಚಾಲಯವನ್ನೂ ಒಂದು ಕೊಠಡಿಯನ್ನೂ ಬಿಟ್ಟುಕೊಟ್ಟಿದ್ದರಿಂದ ಅವರು ಧೈರ್ಯವಾಗಿ ಬಂದರು. ಹಿಂದಿನ ವರ್ಷ ಪ್ರವಾಸಕ್ಕೆ ಕಳಿಸಲು ಒಪ್ಪದ ತಂದೆಯೊಬ್ಬರು ಈ ಸಲ ತಾವೇ ಸೈಕಲ್ಲಿನಲ್ಲಿ ಬಂದು ತೋಪು ನೋಡಿ, “ಇಲ್ಲೇನಾ? ಹಂಗಾದ್ರೆ ಬರ್ಲಿ ಬಿಡಿ” ಎಂದು ಹೋದರು. ಆ ಹುಡುಗಿಯ ಎಣಿಕೆ ಇಡೀ ತರಗತಿಯಲ್ಲೇ ಅತಿ ಕರಾರುವಾಕ್ಕು. ಕಾಲಿನ ತೊಂದರೆ ಇದ್ದ ಹುಡುಗನೊಬ್ಬನ ಗುಂಪಿಗೆ ತೋಪಿನ ರಸ್ತೆ ಬದಿಯ ಚೀಟಿಗಳನ್ನು ಕೊಟ್ಟರು. ಅವನೂ ಐದು ಚೌಕ ಮುಗಿಸಿದ. ಯಾರೂ ನೀರಿಗೆ ಇಳಿಯುವಂತಿಲ್ಲ, ಪೊದೆಗೆ ಕೈ ಹಾಕುವಂತಿಲ್ಲ, ಹೆಜ್ಜೇನು ಕಟ್ಟಿದ ಮರದ ಕೆಳಗೆ ಚೌಕ ಇಲ್ಲ, ಚಪ್ಪಲಿ ಬದಲು ಶೂ. ಈ ನಾಲ್ಕು ನಿಯಮ ಮುರಿದವರನ್ನು ಸೀಟಿ ಊದಿ ವಾಪಸು ಕಳಿಸುವುದು. ಯಾರನ್ನೂ ಕಳಿಸಬೇಕಾಗಲಿಲ್ಲ.

ಈಗ ಅವರು ಕಂಡದ್ದೇನು ಎಂದು ಹೇಳುತ್ತೇನೆ. ಇದು ನಮ್ಮೂರಿಗೆ ಸಂಬಂಧಪಟ್ಟದ್ದು, ಸ್ವಲ್ಪ ಗಮನವಿಟ್ಟು ಕೇಳಿ.

ಮೊದಲು ಕೆರೆ. ತೂಬಿನ ಕಡೆ ಜರಡಿಯಲ್ಲಿ ಸಿಕ್ಕಿದ್ದು ಕೊಡತಿ ಹುಳುವಿನ ಮರಿಗಳು, ಬಸವನಹುಳು, ನೀರಿನ ತಿಗಣೆಗಳು. ಊರ ಚರಂಡಿ ಬಂದು ಸೇರುವ ಮೂಲೆಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ಸಣ್ಣ ಕೆಂಪು ಹುಳು. ಇದು ಒಂದು ಜಾತಿಯ ನೊಣದಂಥ ಕೀಟದ ಮರಿ. ಅದರ ಮೈಯಲ್ಲೂ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆ ಇರುವ ಕೊಳೆ ನೀರಿನಲ್ಲೂ ಬದುಕಬಲ್ಲದು. ಪಿಎಚ್ ಕಾಗದ ಎರಡು ಕಡೆಯೂ ಒಂದೇ ಬಣ್ಣ ತೋರಿಸಿತು. ಕಾಗದ ಹೇಳದ್ದನ್ನು ಹುಳು ಹೇಳಿತು.

ಆಮೇಲೆ ತೋಪು. ಮಕ್ಕಳು ಪ್ರತಿ ಮರದ ಸುತ್ತಳತೆಯನ್ನೂ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆದರು. ಒಟ್ಟು 94 ಮರ. ಮಾವು 31, ಹೊಂಗೆ 24, ಹಿಪ್ಪೆ 17, ನೇರಳೆ 9, ಹುಣಸೆ 8, ಬೇವು 5. ಕೇಳಲು ತುಂಬು ಸಂಸಾರ. ಆದರೆ 140 ಚೌಕದಲ್ಲಿ 41 ಚೌಕಗಳಲ್ಲಿ ಹೊಂಗೆಯ ಸಸಿ ಇದೆ, ಹಿಪ್ಪೆಯ ಸಸಿ ಒಂದು ಚೌಕದಲ್ಲೂ ಇಲ್ಲ. ಇರುವ 17 ಹಿಪ್ಪೆಯೂ ದೊಡ್ಡ ಸುತ್ತಳತೆಯ ಮುದಿ ಮರಗಳೇ. ಈ ವರದಿ ಓದುವಾಗ ನನಗೆ ನಮ್ಮ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕ ನೆನಪಾಯಿತು. ಹತ್ತನೇ ತರಗತಿ ತುಂಬಿದೆ ಎಂದು ಸಂತೋಷಪಡುತ್ತಿರುತ್ತೇವೆ, ಎಂಟನೆಯದಕ್ಕೆ ಯಾರೂ ಸೇರಿಲ್ಲ ಎಂಬುದನ್ನು ನೋಡುವುದಿಲ್ಲ. ಆ ಶಾಲೆಗೆ ಉಳಿದಿರುವುದು ಎರಡು ವರ್ಷ. ಹಿಪ್ಪೆಗೆ ಇನ್ನೂ ಕೆಲವು ದಶಕ ಇರಬಹುದು, ಅಷ್ಟೇ. ಇದಕ್ಕೆ ಕುರಿ ಕಾರಣವೋ, ಬೀಜ ಆರಿಸುವುದು ಕಾರಣವೋ, ನೆರಳು ಕಾರಣವೋ ಒಂದು ವರ್ಷದ ಎಣಿಕೆಯಿಂದ ಹೇಳಬಾರದು. ಬೇಲಿಯೊಳಗೆ, ಬೇಲಿಯಾಚೆ ನಾಲ್ಕೈದು ವರ್ಷ ಎಣಿಸಿದರೆ ಗೊತ್ತಾಗುತ್ತದೆ. ಅದಕ್ಕೇ ಈ ಮಕ್ಕಳು ವರ್ಷವರ್ಷವೂ ಬರಬೇಕು ಎನ್ನುವುದು.

ನಾನು ಕೇಳುವುದು ಇಷ್ಟು.

ಮೊದಲನೆಯದು ಪಂಚಾಯಿತಿಯವರಿಗೆ. ತೋಪಿನಲ್ಲಿ ಸಮುದಾಯ ಭವನ ಕಟ್ಟುವ ಮಾತು ನಡೆದಿದೆ. ಭವನ ಬೇಡ ಎನ್ನುವವನು ನಾನಲ್ಲ. ಬಡವರ ಮದುವೆಗೆ ಊರಲ್ಲಿ ಜಾಗವಿಲ್ಲ ಎಂಬುದು ನಿಜ. ಆದರೆ ಗುರುತು ಮಾಡಿರುವ ಉತ್ತರದ ಮೂಲೆಯಲ್ಲೇ 17ರಲ್ಲಿ 11 ಹಿಪ್ಪೆ ಮರ ಇವೆ. ದಕ್ಷಿಣಕ್ಕೆ, ರಸ್ತೆ ಕಡೆ ಇರುವುದೆಲ್ಲ ಹೊಂಗೆ. ಅದು ಕಡಿದರೂ ಮತ್ತೆ ಬರುತ್ತದೆ, ಸಸಿಯೂ ಸಾಕಷ್ಟಿದೆ. ನಕ್ಷೆ ನನ್ನ ಹತ್ತಿರ ಇದೆ, ತೀರ್ಮಾನಕ್ಕೆ ಮುಂಚೆ ಗ್ರಾಮಸಭೆಯಲ್ಲಿ ಅದನ್ನು ಹರಡಿಕೊಂಡು ಒಮ್ಮೆ ನೋಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರ ಜನರ ಜೊತೆ ಸೇರಿ ಜೀವವೈವಿಧ್ಯದ ದಾಖಲೆ ಬರೆಯಬೇಕು. ಈ ಮಕ್ಕಳ ಹಾಳೆಗಳನ್ನು ಆ ದಾಖಲೆಗೆ ಸೇರಿಸಿಕೊಳ್ಳಿ. ಚರಂಡಿಯ ಮೂಲೆಯನ್ನೂ ಮರೆಯಬೇಡಿ.

ಎರಡನೆಯದು ಶಾಲೆಗೆ. ವರ್ಷಕ್ಕೆ ನಾಲ್ಕು ಶನಿವಾರ ಕೊಠಡಿ, ಶೌಚಾಲಯ ಹೀಗೇ ತೆರೆದಿರಲಿ. ಮುಂದಿನ ವರ್ಷದಿಂದ ಪ್ರತಿ ಗುಂಪಿನ ಜೊತೆ ನಮ್ಮ ಒಂಬತ್ತನೇ ತರಗತಿಯ ಒಬ್ಬ ಮಗು ಇರಲಿ. ಕಿಟಕಿಯಲ್ಲಿ ನೋಡಿದ್ದು ಸಾಕು. ಹಾಳೆಗಳ ಒಂದು ಪ್ರತಿ ನಮ್ಮ ಗ್ರಂಥಾಲಯದ ಬೀರುವಿನಲ್ಲಿ ಇರಲಿ.

ಮೂರನೆಯದು ನನ್ನಂಥ ಹಳೆಯ ವಿದ್ಯಾರ್ಥಿಗಳಿಗೆ. ಸುವರ್ಣ ಮಹೋತ್ಸವಕ್ಕೆ ಕಮಾನು, ರಂಗಮಂದಿರ ಎಲ್ಲ ಆಗಲಿ. ಜೊತೆಗೆ ನಾವು 50 ಜನ ವರ್ಷಕ್ಕೆ ನೂರು ರೂಪಾಯಿ ಕೊಟ್ಟರೆ 5,000. ಅಷ್ಟರಲ್ಲಿ ಈ ಕೆಲಸ ನಡೆದು ಉಳಿದ ದುಡ್ಡಿಗೆ ಒಂದು ಜೊತೆ ಟೇಪು ಬರುತ್ತದೆ. ಹಗ್ಗ ಹೇಗೂ ನಮ್ಮೂರದೇ.

ನಾಲ್ಕನೆಯದು ತಂದೆ ತಾಯಿಯರಿಗೆ. ಹೆಣ್ಣುಮಕ್ಕಳನ್ನು ಕಳಿಸಿ. ಬಿಸಿಲಿಗೆ ಕಪ್ಪಗಾಗುತ್ತಾರೆ ಎನ್ನಬೇಡಿ. ಹೊಲದಲ್ಲಿ ಕಳೆ ಕೀಳುವಾಗ ಅದೇ ಬಿಸಿಲು, ಅದೇ ಗಿಡ. ಈ ಸಲ ಅವರ ಕೈಯಲ್ಲಿ ಪೆನ್ಸಿಲು ಇರುತ್ತದೆ, ಅಷ್ಟೇ ವ್ಯತ್ಯಾಸ.

ಈ ಶಾಲೆ ಐವತ್ತು ವರ್ಷ ನಮ್ಮನ್ನೆಲ್ಲ ಎಣಿಸಿ, ಹಾಜರಿ ಹಾಕಿ, ಒಬ್ಬರೂ ತಪ್ಪದಂತೆ ನೋಡಿಕೊಂಡಿತು. ಮುಂದಿನ ಐವತ್ತು ವರ್ಷ ಶಾಲೆಯ ಎದುರಿಗಿರುವ ತೋಪು, ಕೆರೆಗಳ ಹಾಜರಿಯನ್ನೂ ಇದೇ ಮಕ್ಕಳು ತೆಗೆದುಕೊಳ್ಳುವಂತಾಗಲಿ ಎಂದು ಹಾರೈಸುತ್ತೇನೆ.